ಶೆಟ್ಟಿಹಳ್ಳಿಯ ಮುಳುಗೇಳುವ ಚರ್ಚು

ಬೇಸಿಗೆಯಲ್ಲಿ ನಡೆದೇ ಒಳಹೋಗಬಹುದು. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ದಡದಲ್ಲಿ ನಿಂತು ನೋಡಬೇಕು. ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯ ರೋಸರಿ ಚರ್ಚಿನ ವೈಶಿಷ್ಟ್ಯವೇ ಇದು. ನೀರು ಏರಿದಾಗ ಮೇಲ್ಭಾಗವಷ್ಟೇ ಕಾಣುತ್ತದೆ. ಇಳಿದಾಗ ಮಾಡಿಲ್ಲದ ಗೋಡೆಗಳು, ಚೂಪುಗಮಾನುಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ.

ಮೈಸೂರು ಸೀಮೆಯಲ್ಲಿ ಫ್ರೆಂಚ್ ಪಾದ್ರಿಗಳ ಓಡಾಟ ಹಳೆಯದು. ಸಿಡುಬಿನ ವಿರುದ್ಧ ಇಲ್ಲಿನ ಜನರಿಗೆ ದಾಕು ಹಾಕಿಸಲು ಶ್ರಮಿಸಿದ ಅಬ್ಬೆ ದುಬಾಯ್ 1823ರಲ್ಲಿ ತಾಯ್ನಾಡಿಗೆ ಮರಳಿದರು. ಅವರ ನಂತರ ಬಂದ ಪಾದ್ರಿಗಳು 1860ರ ದಶಕದಲ್ಲಿ ಶೆಟ್ಟಿಹಳ್ಳಿಯಲ್ಲಿ ಗಾಥಿಕ್ ಶೈಲಿಯ ಈ ದೇವಾಲಯ ಕಟ್ಟಿಸಿದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ನೂರು ವರ್ಷಕ್ಕೂ ಮಿಕ್ಕಿ ಸುತ್ತಲಿನ ರೈತ ಕುಟುಂಬಗಳ ನಾಮಕರಣ, ಮದುವೆ, ಮಣ್ಣು ಎಲ್ಲಕ್ಕೂ ಇದೇ ಸಾಕ್ಷಿ.

ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. 'ಹಳ್ಳಿಯ ಚಿತ್ರಗಳು' ಬರೆದ ರಾಮಸ್ವಾಮಿ ಅಯ್ಯಂಗಾರರ ಊರೇ ಈ ಗೊರೂರು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ನೀರು ಹರಿಯಿತು. ಆದರೆ ಹಿನ್ನೀರಿನ ಹಳ್ಳಿಗಳವರು ಮನೆ, ಗದ್ದೆ ಬಿಟ್ಟು ಎದ್ದರು. ಶೆಟ್ಟಿಹಳ್ಳಿಯವರೂ ಬೇರೆಡೆ ನೆಲೆ ಕಂಡುಕೊಳ್ಳಬೇಕಾಯಿತು.

ಕಥೋಲಿಕರಲ್ಲಿ 'ಧರ್ಮಕೇಂದ್ರ' ಎಂದರೆ ಬರೀ ಕಟ್ಟಡವಲ್ಲ. ಒಬ್ಬ ಗುರುವಿನ ಸುಪರ್ದಿನಲ್ಲಿರುವ ಜನಸಮುದಾಯ. ಜನ ಹೋದಲ್ಲಿಗೆ ಅದೂ ಹೋಗುತ್ತದೆ. ಇಲ್ಲಿ ಉಳಿದದ್ದು ಪೂಜೆಯಿಲ್ಲದ ಗೋಡೆಗಳು ಮಾತ್ರ. ಬೇರೆಯವರ ಬೆಳೆಗಾಗಿ ಒಂದು ಊರು ಏನನ್ನು ತೆತ್ತಿತೆಂಬುದನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಈ ಗೋಡೆಗಳು ಹೇಳುತ್ತವೆ.

ಅವೂ ಶಾಶ್ವತವಲ್ಲ. ವರ್ಷವರ್ಷವೂ ನೆನೆದು ಒಣಗುವ ಇಟ್ಟಿಗೆ ಗಾರೆ ಸಡಿಲಗೊಳ್ಳುತ್ತಿದೆ. ನೀರಿನ ಹೊಡೆತ ಸಾಲದೆಂಬಂತೆ, ಬಂದವರು ಗೋಡೆಗಳ ಮೇಲೆ ಹೆಸರು ಕೆತ್ತುವುದೂ ಉಂಟು.

ಮಕ್ಕಳೊಂದಿಗೆ ಹೋಗುವವರಿಗೆ ಬೇಸಿಗೆಯೇ ಸರಿ. ಊಟ, ಕುಡಿಯುವ ನೀರು ಜೊತೆಗಿರಲಿ. ಗೋಡೆ ಹತ್ತುವುದು, ಕಮಾನಿನಡಿ ಕೂರುವುದು, ಹಿನ್ನೀರಿಗಿಳಿಯುವುದು ಅಪಾಯ. ಸಾಧ್ಯವಾದರೆ ಅದೇ ದಿನ ಗೊರೂರು ಅಣೆಕಟ್ಟೆಯನ್ನೂ ನೋಡಬೇಕು. ಎರಡನ್ನೂ ಕಂಡರೇ ಹೇಮಾವತಿಯ ಕಥೆ ಪೂರ್ತಿಯಾಗುವುದು.