ಗಾಲಿಯ ಮೇಲಿನ ಮನೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ಹಿರಿಯರು ಗಾಲಿಯ ಮೇಲೆ ಕುಳಿತ ಮನೆಯನ್ನು ಕಂಡವರಲ್ಲ. ಕಂಡಿದ್ದರೆ ಗಾದೆಗೆ ಇನ್ನೊಂದು ತುಂಡನ್ನು ಸೇರಿಸದೆ ಬಿಡುತ್ತಿರಲಿಲ್ಲ. ನೆಲದ ಮೇಲಿನ ಮನೆ ಸೋರಿದರೆ ಸೋರಿದ ಜಾಗ ಕಣ್ಣಿಗೆ ಬೀಳುತ್ತದೆ. ಹಂಚನ್ನು ಸರಿಸಿ, ಕೆಳಗೊಂದು ತಪ್ಪಲೆಯನ್ನಿಟ್ಟು ಹೇಗೋ ಮಳೆಗಾಲವನ್ನು ಕಳೆಯಬಹುದು. ಗಾಲಿಯ ಮೇಲಿನ ಮನೆಯಾದರೋ ನೀರನ್ನು ಒಂದು ಕಡೆ ಕುಡಿದು, ಇನ್ನೊಂದು ಕಡೆ ಬಚ್ಚಿಟ್ಟು, ಮೂರನೆಯ ಕಡೆ ಕಲೆಯನ್ನು ತೋರಿಸುತ್ತದೆ.

ಅಮೆರಿಕದಲ್ಲಿ ಇಂಥ ಮನೆಗೆ ಟ್ರಾವಲ್ ಟ್ರೇಲರ್ ಎಂದು ಹೆಸರು. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯಬೇಕು. ಹದಿನೇಳು ಹದಿನೆಂಟು ಅಡಿಗಳ ಉದ್ದದಲ್ಲಿ ಮಂಚ, ಮೇಜು, ಒಲೆ, ನೀರಿನ ತೊಟ್ಟಿ, ಬಟ್ಟೆಯ ಬೀರು ಎಲ್ಲವೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಿಂತಿರುತ್ತವೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾರು ಮತ್ತು ರಜೆ ಎರಡೂ ಅಲ್ಲಿನ ಮಧ್ಯಮವರ್ಗದವರ ಕೈಗೆಟುಕಿದವು. 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾನೂನೂ ಬಂದಿತು. ಹೆಂಡತಿ ಮಕ್ಕಳೊಡನೆ ಒಲೆಯನ್ನೂ ಕಟ್ಟಿಕೊಂಡು ಹೊರಡುವ ಹವ್ಯಾಸ ಮನೆಮನೆಗೆ ಹಬ್ಬಿತು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿನ ಸುತ್ತಮುತ್ತ ಈ ಗಾಡಿಗಳ ಕಾರ್ಖಾನೆಗಳು ಗುಂಪುಗುಂಪಾಗಿ ಎದ್ದವು. ಇವುಗಳಲ್ಲಿಯೂ ಜಾತಿಭೇದವುಂಟು. ಬೆಳ್ಳಿಯ ಮೀನಿನಂತೆ ಹೊಳೆಯುವ ಏರ್‌ಸ್ಟ್ರೀಮ್ ಗಾಡಿಯದು ದೊಡ್ಡ ಮನೆತನ. 1969ರಲ್ಲಿ ಚಂದ್ರನಿಂದ ಹಿಂದಿರುಗಿದ ಮೂವರು ಗಗನಯಾತ್ರಿಗಳನ್ನು ರೋಗಾಣುಗಳ ಭಯದಿಂದ ಕೂಡಿಟ್ಟದ್ದು ಮಾರ್ಪಡಿಸಿದ ಅಂಥದೇ ಗಾಡಿಯೊಂದರಲ್ಲಿ. ಉಳಿದವು ಮರದ ಚೌಕಟ್ಟಿಗೆ ತಗಡು ಹೊದಿಸಿದ ಬಡ ಬಂಧುಗಳು.

ಅಂಥ ಬಡ ಬಂಧುವೊಂದನ್ನು, ಅದೂ ಅದೇ 1969ರಲ್ಲಿ ತಯಾರಾದುದನ್ನು, 2017ರ ಏಪ್ರಿಲ್ ತಿಂಗಳಲ್ಲಿ ಮಿಶಿಗನ್ ರಾಜ್ಯದ ಭೂಗೋಳದ ಮೇಷ್ಟರೊಬ್ಬರು ಕೊಂಡರು. ಮೂವತ್ತನಾಲ್ಕು ವರ್ಷ ಗೋಡೆಯ ನಕಾಶೆಯ ಮೇಲೆ ಕೋಲಾಡಿಸಿ ರಾಕಿ ಪರ್ವತಗಳನ್ನು ಹತ್ತಿಳಿದವರು ಅವರು. ನಿಜವಾದ ಪರ್ವತವನ್ನು ಒಮ್ಮೆಯೂ ಕಂಡವರಲ್ಲ. ರಜೆಯಿದ್ದಾಗ ಹಣವಿಲ್ಲ, ಹಣವಿದ್ದಾಗ ಮಕ್ಕಳ ಓದು. ಈ ಲೆಕ್ಕ ಯಾವ ದೇಶದ ಮೇಷ್ಟರಿಗೂ ಹೊಸದಲ್ಲ. ಅವರು ನಿವೃತ್ತರಾದ ವರ್ಷವೇ ಅವರ ಪತ್ನಿಯ ಕಣ್ಣಿನ ಮಸುಕಿಗೆ ವೈದ್ಯರು ಹೆಸರಿಟ್ಟರು: ಮ್ಯಾಕ್ಯುಲರ್ ಡೀಜನರೇಷನ್. ಅಕ್ಷಿಪಟದ ನಡುಭಾಗ ಸವೆಯುವ ರೋಗವದು. ಅಂಚಿನ ನೋಟ ಉಳಿದಿರುತ್ತದೆ. ಆದರೆ ನೋಡಬೇಕೆಂದು ದೃಷ್ಟಿಯಿಟ್ಟ ಜಾಗದಲ್ಲಿಯೇ ಮಂಜು ಬಂದು ಕುಳಿತುಕೊಳ್ಳುತ್ತದೆ. ಮೊದಲು ಪುಸ್ತಕದ ಅಕ್ಷರ ಹೋಯಿತು, ಆಮೇಲೆ ಸೂಜಿಯ ಕಣ್ಣು, ಆಮೇಲೆ ಬಾಗಿಲಲ್ಲಿ ನಿಂತವರ ಮುಖ. ಇನ್ನೆಷ್ಟು ದಿನ ಎಂಬುದಕ್ಕೆ ವೈದ್ಯರು ಲೆಕ್ಕ ಕೊಡಲಿಲ್ಲ. ಮೇಷ್ಟರೇ ಗಡುವು ಹಾಕಿಕೊಂಡರು. ಸೆಪ್ಟೆಂಬರ್ ಮುಗಿಯುವುದರೊಳಗಾಗಿ ವಯೋಮಿಂಗ್ ರಾಜ್ಯದ ಟೀಟನ್ ಶಿಖರಗಳನ್ನು ಆಕೆಗೆ ತೋರಿಸಬೇಕು. ಗುಡ್ಡಗಾಡಿನ ಪೀಠಿಕೆಯಿಲ್ಲದೆ ಬಯಲಿನಿಂದ ಒಮ್ಮೆಗೇ ಎದ್ದು ನಿಂತ ಬೆಟ್ಟಗಳು ಅವು. ಕಾಣುವುದಾದರೆ ಅವೇ ಕಾಣಬೇಕು.

ಕೊಳ್ಳುವ ದಿನ ಗಾಡಿಯೊಳಗೆ ಹೊಸ ಬಣ್ಣವಿತ್ತು, ನೆಲಕ್ಕೆ ಹೊಸ ಲಿನೋಲಿಯಮ್ ಹಾಸಿತ್ತು. ಮೇಷ್ಟರ ಕಣ್ಣು ತಣಿಯಿತು. ಪತ್ನಿ ಹೊಸಲಿನಲ್ಲಿಯೇ ನಿಂತು, "ಇಲ್ಲಿ ಅಣಬೆಯ ವಾಸನೆ" ಎಂದರು. ಹಳೆಯ ಗಾಡಿಯಲ್ಲವೇ, ನಾಲ್ಕು ದಿನ ಬಾಗಿಲು ತೆರೆದಿಟ್ಟರೆ ಹೋಗುತ್ತದೆ ಎಂದು ಮಾರುವವನು ಸಮಾಧಾನ ಹೇಳಿದ. ಅವನನ್ನು ದೂರುವುದು ಬೇಡ. ಅವನೂ ಬಣ್ಣವನ್ನು ನೋಡಿಯೇ ಕೊಂಡವನಿರಬಹುದು.

ಮೇ ತಿಂಗಳ ಮೊದಲ ದೊಡ್ಡ ಮಳೆ ಬಿದ್ದ ಮರುದಿನ, ಮುಂಬದಿಯ ಮಂಚದ ಪಕ್ಕದಲ್ಲಿ ಮೇಷ್ಟರ ಹಿಮ್ಮಡಿ ನೆಲದೊಳಕ್ಕೆ ಇಳಿಯಿತು. ಲಿನೋಲಿಯಮ್ಮನ್ನು ಎತ್ತಿ ನೋಡಿದರೆ ಕೆಳಗಿನ ಪ್ಲೈವುಡ್ ಹಾಲಿನಲ್ಲಿ ನೆನೆದ ರೊಟ್ಟಿಯಂತಾಗಿತ್ತು. ಮೇಷ್ಟರು ಎದೆಗುಂದಲಿಲ್ಲ. ಕೊಳೆತ ಭಾಗವನ್ನು ಗರಗಸದಿಂದ ಚೌಕವಾಗಿ ಕೊಯ್ದು ತೆಗೆದರು. ಅದೇ ಅಳತೆಯ ಹೊಸ ತುಂಡನ್ನು ಕೂರಿಸಿದರು. ಮೇಲೆ ಲಿನೋಲಿಯಮ್ ಎಳೆದು, ಎರಡೇ ದಿನದಲ್ಲಿ ಕೆಲಸ ಮುಗಿಯಿತೆಂದು ಪತ್ನಿಯನ್ನು ಕರೆತಂದರು. ಆಕೆ ಪಾದರಕ್ಷೆಯನ್ನು ಬಿಟ್ಟು ಬರಿಗಾಲಿನಲ್ಲಿ ಒಳಕ್ಕೆ ಬಂದರು. ಹೊಸ ತುಂಡಿನ ಮೇಲೆ ನಿಂತರು, ಅದನ್ನು ದಾಟಿ ಒಂದು ಗೇಣು ಮುಂದಿಟ್ಟರು, ಅಲ್ಲಿಯೇ ನಿಂತರು. ಆಮೇಲೆ ಬಾಗಿ, ಬಣ್ಣ ಬಳಿದ ಗೋಡೆಯನ್ನು ಮೊಣಕಾಲೆತ್ತರದಲ್ಲಿ ಹೆಬ್ಬೆರಳಿನಿಂದ ಒತ್ತಿದರು. ಗೋಡೆ ಒಳಕ್ಕೆ ಹೋಗಿ ಅಲ್ಲಿಯೇ ಉಳಿಯಿತು.

"ನೆಲಕ್ಕೆ ನೀರು ಎಲ್ಲಿಂದ ಬಂತು?" ಎಂದು ಆಕೆ ಕೇಳಿದರು.

ಮೇಷ್ಟರಿಗೆ ಸಿಟ್ಟು ಬಂತು. ಇದು ನೂರು ವರ್ಷ ಬಾಳುವ ಅರಮನೆಯಲ್ಲ, ಒಂದು ಪ್ರಯಾಣಕ್ಕೆ ಸಾಕಾದರೆ ಸಾಕು, ಗೋಡೆಯನ್ನು ಬಿಚ್ಚಿಕೊಂಡು ಕುಳಿತರೆ ಸೆಪ್ಟೆಂಬರ್ ತಪ್ಪಿಹೋಗುತ್ತದೆ ಎಂದರು. ಸೆಪ್ಟೆಂಬರಿನಲ್ಲಿ ತಪ್ಪಿದರೆ ಏನು ತಪ್ಪುತ್ತದೆ ಎಂಬುದನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

"ಸಾಕಾಗಬಹುದು. ಆದರೆ ದಾರಿಯುದ್ದಕ್ಕೂ ಬೆಟ್ಟ ನೋಡುವವಳು ನಾನೊಬ್ಬಳೇ. ನಿನ್ನ ಕಣ್ಣು ಈ ಮೂಲೆಯ ಮೇಲಿರುತ್ತದೆ" ಎಂದರು ಆಕೆ.

ಈ ಗಾಡಿಗಳ ಗೋಡೆಯೆಂಬುದು ಗೋಡೆಯಲ್ಲ, ಗೋಡೆಯ ವೇಷ. ಹೊರಗೆ ಕಾಗದಕ್ಕಿಂತ ಸ್ವಲ್ಪವೇ ದಪ್ಪವಾದ ಅಲ್ಯೂಮಿನಿಯಮ್ ತಗಡು; ಒಳಗೆ ಇಂಚಿನ ಎಂಟನೆಯ ಒಂದು ಪಾಲಿನ ಪ್ಲೈವುಡ್ ಹಾಳೆ; ಎರಡರ ನಡುವೆ ಹೆಬ್ಬೆರಳಿನ ಗಾತ್ರದ ಮರದ ರೀಪುಗಳು, ಅವುಗಳ ಸಂದಿನಲ್ಲಿ ಗಾಜಿನ ಎಳೆಯ ಹತ್ತಿ. ಚಾವಣಿಯ ತಗಡು ಗೋಡೆಯನ್ನು ಕೂಡುವಲ್ಲಿ ಉದ್ದಕ್ಕೂ ಒಂದು ಲೋಹದ ಪಟ್ಟಿ. ಅದನ್ನು ಹಿಡಿದಿರುವುದು ಸಾಲು ಸ್ಕ್ರೂಗಳು. ನೀರನ್ನು ತಡೆದಿರುವುದು ಪಟ್ಟಿಯ ಕೆಳಗಿನ ಪುಟ್ಟಿ. ಪುಟ್ಟಿ ವರ್ಷ ಕಳೆದಂತೆ ಒಣಗಿ ಬಿರುಕು ಬಿಡುತ್ತದೆ. ರಸ್ತೆಯ ಪ್ರತಿಯೊಂದು ಹಳ್ಳವೂ ಗಾಡಿಯನ್ನು ಒಂದಿಷ್ಟು ತಿರುಚುತ್ತದೆ. ಸ್ಕ್ರೂ ತುಕ್ಕು ಹಿಡಿದು ತನ್ನ ರಂಧ್ರವನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ. ಅಲ್ಲಿಂದ ಒಂದು ಹನಿ ಒಳಕ್ಕಿಳಿದು, ರೀಪನ್ನು ಹಿಡಿದು ನಡೆದು, ತಳದ ಹಲಗೆಯ ಮೇಲೆ ನಿಂತು, ನೆಲದ ಪ್ಲೈವುಡ್ಡಿನ ಅಂಚನ್ನು ಹೀರಿಕೊಳ್ಳಲು ಕೊಡುತ್ತದೆ. ಹಾಗಾಗಿ ನೆಲದ ಕೊಳೆತಕ್ಕೆ ಮದ್ದು ಮಾಡಬೇಕಾದುದು ನೆತ್ತಿಯ ಮೇಲೆ.

ಒಳಗಿನ ಹಾಳೆಯನ್ನು ಕಿತ್ತಾಗ ಮೇಷ್ಟರು ಹಾಗೆಯೇ ಕುಳಿತುಬಿಟ್ಟರಂತೆ. ಗಾಜಿನ ಹತ್ತಿ ಒದ್ದೆಯಾಗಿ ಜೋತುಬಿದ್ದಿತ್ತು. ರೀಪುಗಳು ದೂರಕ್ಕೆ ನೆಟ್ಟಗೆ ಕಾಣುತ್ತಿದ್ದವು; ಸ್ಕ್ರೂಡ್ರೈವರಿನ ಮೊನೆ ತಾಗಿಸಿದರೆ ಹಿಡಿಯವರೆಗೂ ಹೋಗುತ್ತಿತ್ತು. ಮರ ಅಡ್ಡಡ್ಡಲಾಗಿ ಬಿರಿದು ಚಿಕ್ಕ ಚಿಕ್ಕ ಘನಗಳಾಗಿ, ಸುಟ್ಟ ಕೊಳ್ಳಿಯಂತೆ ಕೈಯಲ್ಲಿ ಪುಡಿಯಾಗುತ್ತಿತ್ತು. ಇಂಗ್ಲಿಷಿನವರು ಇದನ್ನು 'ಒಣ ಕೊಳೆ' ಎನ್ನುತ್ತಾರೆ. ಇದರಷ್ಟು ಸುಳ್ಳು ಹೆಸರು ಇನ್ನೊಂದಿಲ್ಲ. ಮರವನ್ನು ತಿನ್ನುವುದು ಒಂದು ಬಗೆಯ ಬೂಷ್ಟು. ಒಣಮರದ ತೂಕಕ್ಕೆ ನೂರಕ್ಕೆ 20ರೊಳಗೆ ನೀರಿದ್ದರೆ ಅದು ಬದುಕಿ ಬೆಳೆಯಲಾರದು. ತಿಂದು ಮುಗಿಸಿದ ಮೇಲೆ ಮರ ಒಣಗಿ ಕಾಣುವುದರಿಂದ ಹೆಸರು ಹಾಗೆ ಬಿದ್ದಿದೆ. ಕೊಳೆತದ ನಡುವೆ ಗಟ್ಟಿಯಾಗಿ ಉಳಿದ ಒಂದು ರೀಪಿನ ಮೇಲೆ 1969ರಲ್ಲಿ ಯಾವನೋ ಕೆಲಸಗಾರ ಪೆನ್ಸಿಲಿನಿಂದ ಬರೆದ ಅಳತೆ ಹಾಗೆಯೇ ಇತ್ತು.

ಆ ಬೀದಿಯ ತುದಿಯಲ್ಲಿ ಒಬ್ಬ ಮುದಿ ಬಡಗಿಯಿದ್ದ. ಅವನು ಬಂದು ನೋಡಿ, ಗುಜರಿಗೆ ಹಾಕುವುದು ಲೇಸೆಂದ. ಹಾಗೆಂದು ಹೇಳಿ ಮರುದಿನ ಬೆಳಿಗ್ಗೆ ತನ್ನ ಉಳಿಗಳನ್ನೂ ತಂದ. ಅವನು ಕಲಿಸಿದ ಮೊದಲ ಪಾಠ, ಎಲ್ಲವನ್ನೂ ಒಮ್ಮೆಲೇ ಕೀಳಬಾರದೆಂಬುದು. ಒಂದು ರೀಪನ್ನು ತೆಗೆಯಬೇಕು, ಅದರ ಜಾಗಕ್ಕೆ ಹೊಸದನ್ನು ನಿಲ್ಲಿಸಬೇಕು, ಆಮೇಲೆ ಎರಡನೆಯದಕ್ಕೆ ಕೈಹಾಕಬೇಕು; ಇಲ್ಲವಾದರೆ ಚಾವಣಿ ಕುಸಿದು, ಕಿಟಕಿ ಬಾಗಿಲುಗಳು ಮತ್ತೆಂದೂ ಕೂಡವು. ತುದಿ ಮಾತ್ರ ಕೊಳೆತ ರೀಪಿಗೆ ಪಕ್ಕದಲ್ಲಿ ಹೊಸ ಮರವನ್ನು ಅಂಟು ಹಾಕಿ ಸ್ಕ್ರೂಗಳಿಂದ ಜೋಡಿಸಿದರೆ ಸಾಕು. ಕೊಳೆತ ಹಾಳೆಯನ್ನೂ ಎಸೆಯಬಾರದು. ಚೂರುಗಳನ್ನು ರಟ್ಟಿನ ಮೇಲೆ ಜೋಡಿಸಿ ಗೆರೆಯೆಳೆದುಕೊಂಡರೆ ಹೊಸ ಹಾಳೆಗೆ ಅದೇ ಮಾದರಿ. ಮೇಷ್ಟರಿಗೆ ಈ ಕೆಲಸ ಹಿಡಿಸಿತು. ಅದು ನಕಾಶೆಯ ಕೆಲಸವಲ್ಲವೆ! ಇನ್ನು ಮುಂದೆ ಕೊಳೆಯದಂತೆ ದಪ್ಪ ಹಲಗೆಯನ್ನೇ ಹೊಡೆಯೋಣವೆಂದು ಅವರು ಉತ್ಸಾಹದಿಂದ ಹೇಳಿದಾಗ, "ಎಳೆಯುವುದು ಕಾರು, ಆನೆಯಲ್ಲ" ಎಂದು ಬಡಗಿ ತಣ್ಣೀರೆರೆದ. ಗಾಡಿಯ ಅಚ್ಚು ಹೊರುವ ಭಾರಕ್ಕೆ ಮಿತಿಯುಂಟು.

ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿದೇ ಇತ್ತು. ಮೇಷ್ಟರು ಮುಂದಿನ ಕಿಟಕಿಯ ಮೇಲೆ ಅಪವಾದ ಹೊರಿಸಿದ್ದರು. ಕಲೆಯಿದ್ದದ್ದು ಅದರ ಕೆಳಗೆ. ಬಡಗಿ ತೋಟದ ರಬ್ಬರ್ ಕೊಳವೆಯನ್ನು ತರಿಸಿದ. ನೀರನ್ನು ಕೆಳಗಿನಿಂದ ಬಿಡುತ್ತ ಗೇಣು ಗೇಣಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒದ್ದೆಯಾಗಿ ಕಳ್ಳನು ಗುಂಪಿನಲ್ಲಿ ಕರಗಿಹೋಗುತ್ತಾನೆ. ಒಳಗೆ ಬೆತ್ತಲೆಯಾಗಿ ನಿಂತ ರೀಪುಗಳ ಮುಂದೆ ಮೇಷ್ಟರ ಪತ್ನಿ ಒಂದು ಮಣೆಯ ಮೇಲೆ ಕುಳಿತು, ತಗಡಿನ ಒಳಮೈಗೆ ಅಂಗೈಯಿಟ್ಟುಕೊಂಡರು. ಕಿಟಕಿಯ ತಳಕ್ಕೆ ನೀರು ಬಿತ್ತು, ಒಳಗಿನಿಂದ ಸದ್ದಿಲ್ಲ. ಕಿಟಕಿಯ ತಲೆಗೆ ಬಿತ್ತು, ಆಗಲೂ ಸದ್ದಿಲ್ಲ. ಕಾಲು ಗಂಟೆ ಕಳೆದ ಮೇಲೆ, ಚಾವಣಿಯ ಮುಂಅಂಚಿನ ಪುಟ್ಟ ಹಳದಿ ದೀಪದ ಬಳಿ ನೀರು ಹಾಯುತ್ತಲೇ ಒಳಗಿನಿಂದ ಟಕಟಕನೆ ಬಡಿತ ಕೇಳಿಸಿತು. ಆಕೆಯ ಬೆರಳಿನ ಸಂದಿಯಲ್ಲಿ ನೀರಿನ ಎಳೆಯೊಂದು ಇಳಿಯುತ್ತಿತ್ತು. ರಾತ್ರಿಯ ಹೊತ್ತು ಗಾಡಿಯ ಎತ್ತರವನ್ನು ಇತರರಿಗೆ ತೋರಿಸಲೆಂದು ಹಚ್ಚಿದ ದೀಪ. ಕಿರುಬೆರಳಿನಷ್ಟಿಲ್ಲದ ತಂತಿಯ ರಂಧ್ರ. ಒಂದು ಗೋಡೆಯನ್ನೂ ಅರ್ಧ ನೆಲವನ್ನೂ ನುಂಗಿದ್ದು ಅದು.

ಮುಂದಿನದನ್ನು ವಿಸ್ತರಿಸಬೇಕಾಗಿಲ್ಲ. ಬಿಚ್ಚಿದ ಗಾಡಿಯನ್ನು ಜುಲೈ ಪೂರ್ತಿ ಬೀಸಣಿಗೆ ಹಚ್ಚಿ ಒಣಗಿಸಿದರು. ಹೊರಗಿನಿಂದ ಪಟ್ಟಿಗಳನ್ನೆಲ್ಲ ಕಳಚಿ, ಹಳೆಯ ಪುಟ್ಟಿಯನ್ನು ಕೆರೆದು, ಒಣಗದೆ ಮೆತ್ತಗೇ ಉಳಿಯುವ ಬ್ಯೂಟೈಲ್ ಅಂಟುಪಟ್ಟಿಯಿಟ್ಟು, ತುಕ್ಕು ಹಿಡಿಯದ ಸ್ಕ್ರೂಗಳಿಂದ ಮರಳಿ ಬಿಗಿದರು. ಅಂಗಡಿಯವನು ಸಿಲಿಕೋನ್ ಕೊಟ್ಟಿದ್ದ. ಬಡಗಿ ಅದನ್ನು ಹಿಂದಕ್ಕೆ ಕಳಿಸಿದ. ಒಮ್ಮೆ ಸಿಲಿಕೋನ್ ಹತ್ತಿದ ಜಾಗಕ್ಕೆ ಮತ್ತೇನೂ ಅಂಟುವುದಿಲ್ಲ. ಮೇಷ್ಟರು ಮೇ ತಿಂಗಳಲ್ಲಿ ಕೂರಿಸಿದ ನೆಲದ ತುಂಡನ್ನು ತಾವೇ ಕಿತ್ತರು. ಈ ಬಾರಿ ಗಟ್ಟಿಮರ ಸಿಗುವವರೆಗೂ ಕೊಯ್ದು, ನಾಲ್ಕು ಅಂಚೂ ಜಂತಿಯ ಮೇಲೆ ಕೂರುವಂತೆ ಅಳೆದು, ಅಂಚುಗಳಿಗೆ ಮೊದಲೇ ಬಣ್ಣ ಕುಡಿಸಿ ಹೊಸ ಪ್ಲೈವುಡ್ ಹಾಕಿದರು. ಗೋಡೆಯನ್ನು ಮುಚ್ಚುವ ಮುನ್ನ ಹೊಸ ರೀಪಿನ ಮೇಲೆ ಅವರೂ ಪೆನ್ಸಿಲಿನಿಂದ ಅಳತೆಯನ್ನೂ ಇಸವಿಯನ್ನೂ ಬರೆದರು.

ಆಗಸ್ಟ್ ಹೊತ್ತಿಗೆ ಆಕೆಗೆ ಗಡಿಯಾರದ ಮುಳ್ಳು ಕಾಣದಾಗಿತ್ತು.

ಸೆಪ್ಟೆಂಬರ್ ಎರಡನೆಯ ವಾರ ಹೊರಟರು. 1957ರಲ್ಲಿ ತೆರೆದ ಮ್ಯಾಕಿನಾ ಸೇತುವೆ ಸುಮಾರು ಎಂಟು ಕಿಲೋಮೀಟರ್ ಉದ್ದ. ಅದರ ತೂಗುಭಾಗದಲ್ಲಿ ಒಳಸಾಲಿನ ದಾರಿ ಉಕ್ಕಿನ ಜಾಲರಿಯದು, ಅದರ ಸಂದಿನಿಂದ ಕೆಳಗಿನ ಸರೋವರ ಇಣುಕುತ್ತದೆ. ಮೇಷ್ಟರು ಇದನ್ನು ಎಷ್ಟು ತರಗತಿಗಳಿಗೆ ಹೇಳಿದ್ದರೋ! ಜಾಲರಿಯ ಮೇಲೆ ಗಾಲಿ ಗುಂಯ್‌ಗುಟ್ಟಿದಾಗ ಆಕೆಯೇ ಮೊದಲು, "ಈಗ ನೀರಿನ ಮೇಲಿದ್ದೇವೆ" ಎಂದರು.

ಟೀಟನ್ ಕಣಿವೆಯನ್ನು ತಲುಪಿದ ಸಂಜೆ ಮಳೆ ಹಿಡಿದಿತ್ತು. ಎರಡು ದಿನ ಬಿಡಲಿಲ್ಲ. ಬೆಟ್ಟವಿರಬೇಕಾದಲ್ಲಿ ಬರಿಯ ಬೂದಿಬಣ್ಣ. ತಗಡಿನ ಮೇಲೆ ಮಳೆಯ ಸದ್ದನ್ನು ಕೇಳುತ್ತ ಇಬ್ಬರೂ ಕಾಫಿ ಕುಡಿದರು, ಮೇಷ್ಟರು ಪುಸ್ತಕವನ್ನು ಗಟ್ಟಿಯಾಗಿ ಓದಿದರು. ಎರಡನೆಯ ರಾತ್ರಿ ಆಕೆ ಎದ್ದು, ಕತ್ತಲಲ್ಲಿಯೇ ಮುಂಬದಿಯ ಮೂಲೆಗೆ ಹೋಗಿ, ಬರಿಗಾಲನ್ನು ಊರಿ, ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಸವರಿ, ಮರಳಿ ಬಂದು ಮಲಗಿದರು. ಎಚ್ಚರವಿದ್ದ ಮೇಷ್ಟರು ಏನನ್ನೂ ಕೇಳಲಿಲ್ಲ.

ಮೂರನೆಯ ಬೆಳಿಗ್ಗೆ ಮೋಡ ಹರಿಯಿತು. 13,775 ಅಡಿಗಳ ಗ್ರ್ಯಾಂಡ್ ಟೀಟನ್ ಹೊಸ ಹಿಮವನ್ನು ಹೊದ್ದು ಬಾಗಿಲಿನ ಎದುರಿಗೇ ನಿಂತಿತ್ತು. ಮೇಷ್ಟರು ಹಳೆಯ ಅಭ್ಯಾಸದಿಂದ ಬೆರಳೆತ್ತಿ ತೋರಿಸಿದರು. ಆಕೆ ಆ ಕಡೆಗೆ ನೇರವಾಗಿ ನೋಡಲಿಲ್ಲ. ಈಚೆಗೆ ರೂಢಿ ಮಾಡಿಕೊಂಡಂತೆ ಮುಖವನ್ನು ಕೊಂಚ ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಅಂಚಿನಿಂದ, ಬಹಳ ಹೊತ್ತು ನೋಡಿದರು. ಮೇಷ್ಟರು ಬೆರಳನ್ನು ಇಳಿಸಿ, ತಾವೂ ಮುಖವನ್ನು ಅಷ್ಟೇ ಪಕ್ಕಕ್ಕೆ ತಿರುಗಿಸಿದರು.