ಅಂಗೈಯ ಮೊಬೈಲು, ಐದು ನಿಮಿಷದ ಉಸಿರು

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ಅದರಲ್ಲೇ ದೃಷ್ಟಿ ನೆಟ್ಟು ಕೂರುವ ಹಿರಿಯರನ್ನು ನೋಡುತ್ತ ಬೆಳೆದವರು ನಾವು. ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮ ನಮ್ಮ ಹುನಗುಂದ ತಾಲ್ಲೂಕಿನಲ್ಲೇ ಇದೆ. ಈಗ ಅದೇ ಅಂಗೈಗೆ ಮೊಬೈಲ್ ಬಂದು ಕೂತಿದೆ. ದೃಷ್ಟಿ ಅದರಲ್ಲೂ ನೆಟ್ಟಿರುತ್ತದೆ, ಮನಸ್ಸು ಮಾತ್ರ ನಿಲ್ಲುವುದಿಲ್ಲ.

ಇದೇ ಮೊಬೈಲ್ ಹಿಡಿದು ಮನಸ್ಸನ್ನು ನಿಲ್ಲಿಸಬಹುದೇ? ಬಾಗಲಕೋಟೆ, ಬಾದಾಮಿ, ಇಳಕಲ್‌ನಲ್ಲಿರುವ ನಾವು ಗೆಳೆಯರು ಕೂಡಿ ನೋಡಿದೆವು. ಆಯುಷ್ ಸಚಿವಾಲಯ 2021ರಲ್ಲಿ ತಂದ ವೈ-ಬ್ರೇಕ್ ಆ್ಯಪ್, ಕೆಲಸದ ನಡುವೆ ಐದು ನಿಮಿಷ ಆಸನ, ಉಸಿರಾಟ, ಧ್ಯಾನ ಮಾಡಿಸುತ್ತದೆ. ಒಳ್ಳೆಯದೇ. ಆದರೆ ಪರದೆ ನೋಡುತ್ತ ಕೂತರೆ ನಡುವೆ ವಾಟ್ಸಾಪ್ ಇಣುಕುತ್ತದೆ.

ಅದಕ್ಕೇ ನಾವು ಮೊಬೈಲಿನ ವಾಯ್ಸ್ ರೆಕಾರ್ಡರ್ ಹಿಡಿದೆವು. "ಉಸಿರು ತಗೋ" ಅಂತ ನಾಲ್ಕರವರೆಗೆ ಎಣಿಕೆ, "ಬಿಡು" ಅಂತ ಆರರವರೆಗೆ. ಇಷ್ಟನ್ನು ಮನೆಯವರ ದನಿಯಲ್ಲೇ ಐದು ನಿಮಿಷ ರೆಕಾರ್ಡ್ ಮಾಡಿಕೊಂಡೆವು. ಆಮೇಲೆ ಫ್ಲೈಟ್ ಮೋಡ್ ಹಾಕಿ, ಮೊಬೈಲ್ ಬೋರಲು ಇಟ್ಟು, ಕಣ್ಣು ಮುಚ್ಚಿ ಕೇಳುವುದು. ಡೇಟಾ ಬೇಡ, ಇಂಗ್ಲಿಷೂ ಬೇಡ.

ಸುಮ್ಮನೆ ಕೂತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಈ ಎಣಿಕೆಯಲ್ಲಿ ಅದು ಆರಕ್ಕೆ ಇಳಿಯುತ್ತದೆ. ಉಸಿರು ಹೊರಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಬಿಡುವ ಉಸಿರು ಉದ್ದವಿರಲಿ ಅನ್ನುವುದು ಅದಕ್ಕೇ. ತಲೆ ಸುತ್ತಿದರೆ ನಿಲ್ಲಿಸಿ, ಎಂದಿನಂತೆ ಉಸಿರಾಡಿ. ದಮ್ಮು, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ.

ಇಳಕಲ್‌ನಲ್ಲಿ ಸೀರೆ ನೇಯುವ ಅಕ್ಕ ಒಬ್ಬರಿಗೆ ಇದನ್ನು ಹೇಳಿಕೊಟ್ಟೆವು. ಮೊದಲು ನಕ್ಕರು: "ಉಸಿರಾಡಾಕೂ ಮೊಬೈಲ್ ಬೇಕೇನ್ರಿ?" ಆಮೇಲೆ ಪುಣೆಗೆ ಮದುವೆಯಾಗಿ ಹೋದ ಮಗಳಿಂದ ಎಣಿಕೆ ರೆಕಾರ್ಡ್ ಮಾಡಿಸಿ ತರಿಸಿಕೊಂಡರು. ಮಧ್ಯಾಹ್ನ ಲಾಳಿ ನಿಲ್ಲಿಸಿ ಮಗ್ಗದ ಹತ್ತಿರವೇ ಕೇಳುತ್ತಾರೆ. "ಮಗಳ ದನಿಗೆ ಎದಿ ಹಗುರ ಆಕ್ಕೈತಿ. ಆದ್ರ ಸಾಲ ಏನು ಇಳಿಯೂದಿಲ್ಲ ನೋಡ್ರಿ" ಅಂದರು.

ಅವರ ಮಾತು ಖರೆ. ಉಸಿರಿನ ಎಣಿಕೆ ಸಾಲ ತೀರಿಸುವುದಿಲ್ಲ, ಮಳೆ ತರಿಸುವುದಿಲ್ಲ. ಚಿಂತೆಯ ನಡುವೆ ಐದು ನಿಮಿಷ ಜಾಗ ಮಾಡಿಕೊಡುತ್ತದೆ, ಅಷ್ಟೇ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ರೆಕಾರ್ಡಿಂಗ್ ಸಾಲದು. ಆಗ ಅದೇ ಮೊಬೈಲಿನಿಂದ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ, ಕನ್ನಡದಲ್ಲೇ, ಹಣವಿಲ್ಲದೆ ಮಾತಾಡಬಹುದು.

ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ. ನಿಮಗೆ ಬೇಕಾಗದಿದ್ದರೂ ಓಣಿಯಲ್ಲಿ ಯಾರಿಗಾದರೂ ಬೇಕಾದೀತು.