ಹೇಳಿದ ವೇಗವೂ ಬಂದ ವೇಗವೂ

ಚಳ್ಳಕೆರೆಯ ಮಾರುಕಟ್ಟೆಗೆ ಶೇಂಗಾ ಒಯ್ಯುವ ನಮ್ಮ ಸೀಮೆಯ ರೈತನು ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯುವವನಲ್ಲ. ಎಣ್ಣೆಯಾಗಲಿ ಬೇಳೆಯಾಗಲಿ, ಗೃಹಿಣಿಯು ಅಳತೆ ನೋಡದೆ ಕೊಳ್ಳುವವಳಲ್ಲ. ತಿಂಗಳು ತಿಂಗಳಿಗೂ ಹಣ ತೆತ್ತು ಮನೆಗೆ ಬರಮಾಡಿಕೊಳ್ಳುವ ಅಂತರ್ಜಾಲವೊಂದನ್ನು ಮಾತ್ರ ಅಳೆಯದೆ ಕೊಳ್ಳುವುದು ಲೋಕದ ರೂಢಿಯಾಗಿ ಹೋಗಿದೆ.

ನಾಯಕನಹಟ್ಟಿಯ ನಮ್ಮ ಮನೆಗೆ ಈ ಸೌಕರ್ಯವನ್ನು ತರಿಸಿದುದು ಮಗಳ ಓದಿಗಾಗಿ. ದೂರದ ನಗರದಲ್ಲಿಟ್ಟು ಓದಿಸುವ ಅನುಕೂಲ ನಮಗಿಲ್ಲ. ರಾತ್ರಿ ಎಂಟು ಗಂಟೆಗೆ ತೆರೆಯ ಮೇಲೆ ಬರುವ ಪಾಠವೇ ಅವಳಿಗೆ ಗುರುಕುಲ. ತಂತಿಯನ್ನೆಳೆದವರ ಪ್ರಕಟಣೆಯಲ್ಲಿ ‘ಸೆಕೆಂಡಿಗೆ 100 ಮೆಗಾಬಿಟ್ ವರೆಗೆ’ ಎಂದಿದ್ದಿತು. ಆದರೆ ಪಾಠದ ನಡುವೆ ಉಪಾಧ್ಯಾಯರ ಮಾತು ತುಂಡುತುಂಡಾಗಿ, ಮುಖವು ಪಟದಂತೆ ನಿಶ್ಚಲವಾಗಿ ನಿಲ್ಲತೊಡಗಿತು. ವೇಗವನ್ನು ಅಳೆಯುವ ಉಚಿತ ಸಾಧನಗಳು ಅಂತರ್ಜಾಲದಲ್ಲಿಯೇ ಉಂಟು. ನಾವು ಏಳು ದಿನ ಅಳೆದು ನೋಡಿದೆವು. ಮುಂಜಾನೆ ರೂಟರ್ ಪೆಟ್ಟಿಗೆಗೆ ತಂತಿ ಸೇರಿಸಿ ನೋಡಿದರೆ 90ಕ್ಕೆ ಮೇಲೆ. ರಾತ್ರಿ ಎಂಟಕ್ಕೆ ಅದೇ ತಂತಿಯಲ್ಲಿ 10ರ ಆಸುಪಾಸು. ಒಳಕೋಣೆಯಲ್ಲಿ ತಂತಿಯಿಲ್ಲದೆ 2 ಅಥವಾ 3.

ಇದರ ಮರ್ಮವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಮೊದಲನೆಯದು, ಲೆಕ್ಕ. 8 ಬಿಟ್ಟುಗಳು ಕೂಡಿದರೆ ಒಂದು ಬೈಟು. ಕಡತಗಳ ಗಾತ್ರವನ್ನು ಬೈಟಿನಲ್ಲಿಯೂ ವೇಗವನ್ನು ಬಿಟ್ಟಿನಲ್ಲಿಯೂ ಹೇಳುವುದು ವಾಡಿಕೆ. ಆದುದರಿಂದ 100 ಮೆಗಾಬಿಟ್ ಪೂರ್ತಿಯಾಗಿ ಬಂದರೂ ಸೆಕೆಂಡಿಗೆ ಇಳಿಯುವುದು ಹನ್ನೆರಡೂವರೆ ಮೆಗಾಬೈಟ್ ಮಾತ್ರ. ಇದು ಮೋಸವಲ್ಲ. ಎರಡನೆಯದು, ಗೋಡೆ. ರೂಟರಿನ ಅಲೆಗಳು ದಪ್ಪ ಗೋಡೆಯನ್ನು ಹಾಯುವಾಗ ಕುಗ್ಗುತ್ತವೆ. ಇದು ಮನೆಯವರೇ ಸರಿಪಡಿಸತಕ್ಕದ್ದು. ಮೂರನೆಯದು, ಹಂಚಿಕೆ. ಒಂದೇ ದಾರಿಯನ್ನು ಅನೇಕ ಮನೆಗಳು ಹಂಚಿಕೊಂಡಿರುತ್ತವೆ. ಫಾಲ್ಗುಣದ ಜಾತ್ರೆಯಲ್ಲಿ ನಮ್ಮೂರ ತೇರಿನ ಬೀದಿ ಎಂದಿನಷ್ಟೇ ಅಗಲವಾಗಿದ್ದರೂ ಹೆಜ್ಜೆಯಿಡಲು ತೆರಪಿರುವುದಿಲ್ಲವಷ್ಟೆ? ಎಷ್ಟು ಮನೆಗಳಿಗೆ ಎಷ್ಟು ದಾರಿ ಎಂಬುದನ್ನು ನಿಶ್ಚಯಿಸುವವರು ಮಾರುವವರು. ಈ ಕೊರತೆ ಅವರದು. ‘ವರೆಗೆ’ ಎಂಬ ಮೂರಕ್ಷರದ ಮರೆಯಲ್ಲಿ ಅಡಗುವುದು ಇದೇ.

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಲ್ಲಿ ಒಂದು ನಿಯಮ ಬಂದಿತು. ಸಂದಣಿಯ ಹೊತ್ತಾದ ರಾತ್ರಿ 8ರಿಂದ 10ರೊಳಗೆ, ಗ್ರಾಹಕರಲ್ಲಿ ಅರ್ಧದಷ್ಟು ಜನರಿಗಾದರೂ ದೊರೆಯುವ ವೇಗವನ್ನೇ ಜಾಹೀರಾತಿನಲ್ಲಿ ಹೇಳತಕ್ಕದ್ದು. ಅದಕ್ಕೆ ಮೊದಲು ನೂರಕ್ಕೆ ಹತ್ತು ಮಂದಿಗೆ ದೊರೆತರೂ ಸಾಕಾಗಿದ್ದಿತು. ನಮ್ಮ ದೇಶದಲ್ಲಿ 2023ರ ಜನವರಿಯಲ್ಲಿ, ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಸೆಕೆಂಡಿಗೆ 512 ಕಿಲೋಬಿಟ್ಟಿನಿಂದ 2 ಮೆಗಾಬಿಟ್ಟಿಗೆ ಏರಿಸಿದರು. ಆ 2ಕ್ಕೂ ಪ್ರಕಟಣೆಯ 100ಕ್ಕೂ ನಡುವಣ ಬಯಲಿನಲ್ಲಿ ಗ್ರಾಹಕನಿಗೆ ಮೊದಲ ರಕ್ಷೆ ಅವನ ಅಳತೆಯೇ.

ನಾವು ಪೆಟ್ಟಿಗೆಯನ್ನು ನಡುಮನೆಗೆ ತಂದೆವು. ಏಳು ದಿನದ ಲೆಕ್ಕವನ್ನು ತಾರೀಖು, ಗಂಟೆಗಳ ಸಹಿತ ಬರೆದು ಕಳುಹಿಸಿದೆವು. ಎರಡು ವಾರದೊಳಗೆ ಅವರು ಬಂದು ನಮ್ಮ ಬೀದಿಯ ಮನೆಗಳನ್ನು ಎರಡು ದಾರಿಗಳಿಗೆ ಹಂಚಿದರು. ಈಗ ರಾತ್ರಿಯ ಪಾಠ ಕಡಿಯದೆ ನಡೆಯುತ್ತಿದೆ.

ನಮ್ಮೂರಿನ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ, ಯಾರು ಎಷ್ಟು ದುಡಿದರೋ ಅವರಿಗೆ ಅಷ್ಟಕ್ಕೆ ತಕ್ಕ ಕೂಲಿ ಸಲ್ಲುತ್ತಿತ್ತೆಂದು ಪ್ರತೀತಿ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಮಣ್ಣು ಹೊತ್ತವರಿಗೆ ಸಂದ ಈ ನ್ಯಾಯ ತಂತಿ ಎಳೆದವರಿಗೂ ಸಲ್ಲತಕ್ಕದ್ದು. ಹಣವು ಕೊಟ್ಟಷ್ಟಕ್ಕೆ, ಹೇಳಿದಷ್ಟಕ್ಕಲ್ಲ.